ಊರು ಎಂದರೆ ಯಾರು?



ವಚನವೊಂದನ್ನು ಎತ್ತಿಕೊಂಡು, ಅದರ ಪದಪದವನ್ನೂ ಬಿಡಿಸಿ, ಅರ್ಥದಿಂದ ಭಾವಾರ್ಥಕ್ಕೆ ನಡೆಯುವುದು ಈ ಅಂಕಣದ ರೂಢಿ. ಈ ಸಲ ಅದೇ ರೂಢಿಯನ್ನು ಉಳಿಸಿಕೊಂಡು, ವಚನದ ಸ್ಥಾನದಲ್ಲಿ ಮೂರು ಪದಗಳನ್ನು ಇರಿಸಿಕೊಳ್ಳಲು ಓದುಗರ ಅಪ್ಪಣೆ ಬೇಡುತ್ತೇನೆ. ಸಮುದಾಯ, ಅಭಿವೃದ್ಧಿ, ಸಹಭಾಗಿತ್ವ ಎಂಬ ಈ ಮೂರು ಪದಗಳು ಸುತ್ತೋಲೆಗಳಲ್ಲಿಯೂ ವೇದಿಕೆಯ ಭಾಷಣಗಳಲ್ಲಿಯೂ ದಿನನಿತ್ಯ ಬಳಕೆಯಾಗಿ ಸವೆದ ನಾಣ್ಯಗಳಂತಾಗಿವೆ. ಇವುಗಳ ಅರ್ಥವನ್ನು ಅರಸಿಕೊಂಡು, ಕನ್ನಡ ಎಂ.ಎ. ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ, ನಾನು ಮತ್ತೊಮ್ಮೆ ವಿದ್ಯಾರ್ಥಿಯಾದೆ. ಆ ವ್ಯಾಸಂಗದ ಸಾರವನ್ನು, ಅದೇ ಹಾದಿಯಲ್ಲಿ ಹೋಗಬಯಸುವ ತರುಣರಿಗೆ ಉಪಯೋಗವಾದೀತೆಂಬ ಆಶೆಯಿಂದ ಇಲ್ಲಿ ನಿವೇದಿಸುತ್ತಿದ್ದೇನೆ.

ಶ್ರೀಮಠದಲ್ಲಿ ನನಗಿರುವ ಕೆಲಸ ಗ್ರಂಥಮಾಲೆಯ ಕರಡು ತಿದ್ದುವುದು, ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಗುರುತಿಸುವುದು. ಇದರ ಜೊತೆಗೆ, ಯಾರೂ ವಹಿಸದಿದ್ದರೂ ತಾನಾಗಿ ಬಂದು ಸೇರಿದ ಇನ್ನೊಂದು ಕೆಲಸವಿದೆ. ಪ್ರಸಾದನಿಲಯದಲ್ಲಿ ಓದುವ ಮಕ್ಕಳನ್ನು ಕಾಣಲು ಬರುವ ತಂದೆತಾಯಿಗಳು, "ಸರ, ಒಂದು ಅರ್ಜಿ ಬರದು ಕೊಡ್ರಿ" ಎಂದು ನನ್ನ ಮೇಜಿನ ಮುಂದೆ ಕೂಡುತ್ತಾರೆ. ವಿಧವಾ ವೇತನ, ಪಡಿತರ ಚೀಟಿ, ಬೀದಿ ದೀಪ, ಕುಡಿಯುವ ನೀರು ಹೀಗೆ ಅರ್ಜಿಯ ವಿಷಯಗಳು ಬೇರೆಬೇರೆ. ಕೆಲವು ವರ್ಷಗಳ ಬಳಿಕ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ವೇತನದ ಅರ್ಜಿಗಳು ತಡವಾಗಿಯಾದರೂ ಫಲ ಕೊಡುತ್ತಿದ್ದವು. ನೀರಿನ ಅರ್ಜಿಗಳು ಮಾತ್ರ ಪ್ರತಿ ಬೇಸಿಗೆಯಲ್ಲಿ ಅದೇ ಊರುಗಳಿಂದ, ಅದೇ ಓಣಿಗಳಿಂದ, ಬಹುಮಟ್ಟಿಗೆ ಅದೇ ವಾಕ್ಯಗಳಲ್ಲಿ ಮರಳಿ ಬರುತ್ತಿದ್ದವು. ಒಬ್ಬರ ಕಷ್ಟಕ್ಕೆ ಅರ್ಜಿ ಸಾಕಾಗಬಹುದು, ಓಣಿಯ ಕಷ್ಟಕ್ಕೆ ಅದು ಏಕೆ ಸಾಲದು? ಈ ಪ್ರಶ್ನೆಯೇ ನನ್ನನ್ನು ವಿಶ್ವವಿದ್ಯಾಲಯದ ಬಾಗಿಲಿಗೆ ಕಳಿಸಿತು.

ಗದಗಿನಲ್ಲಿ 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಈ ವಿಷಯಕ್ಕಾಗಿಯೇ ಮೀಸಲಾದ ಸಂಸ್ಥೆ. ಆ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿದ್ದರೆಂಬುದನ್ನು ನೆನೆದರೆ, ಇಂತಹ ವಿಶ್ವವಿದ್ಯಾಲಯಕ್ಕೆ ಅದು ಒಪ್ಪುವ ನೆಲವೇ ಸರಿ. ಆದರೆ ಅಲ್ಲಿ ನಿತ್ಯ ತರಗತಿಗೆ ಹಾಜರಾಗಬೇಕು. ಮಠದ ಕೆಲಸವನ್ನು ಬಿಡುವಂತಿರಲಿಲ್ಲ. ಆದ್ದರಿಂದ 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಗ್ರಾಮೀಣಾಭಿವೃದ್ಧಿ ಎಂ.ಎ.ಗೆ 2021ರಲ್ಲಿ ಹೆಸರು ಹಚ್ಚಿದೆ. ಪೂಜ್ಯರ ಅಪ್ಪಣೆ ಕೇಳಿದಾಗ ಅವರು ಆಡಿದ್ದು ಒಂದೇ ಮಾತು: "ಓದ್ರಿ. ಆದರ ಓದಿದ್ದು ಊರಿಗೆ ಮುಟ್ಟಬೇಕು."

ದೂರಶಿಕ್ಷಣವೆಂದರೆ ಸುಲಭದ ಪದವಿ ಎಂಬ ಭಾವನೆ ನಮ್ಮಲ್ಲಿದೆ. ಆ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಆರು ಕ್ರೆಡಿಟ್‌ಗಳ ಒಂದು ಪತ್ರಿಕೆಗೆ 180 ಗಂಟೆ ಓದಬೇಕಾಗುತ್ತದೆ. ಬೆಳಗಿನ ಪ್ರಾರ್ಥನೆಗೆ ಮುಂಚಿನ ಒಂದೂವರೆ ಗಂಟೆಯಲ್ಲಿ ಈ ಲೆಕ್ಕವನ್ನು ತುಂಬುತ್ತ ಹೋದೆ. ಗ್ರಾಮೀಣ ಕಾರ್ಯಕ್ರಮಗಳ ಇತಿಹಾಸ, ಯೋಜನೆ ಮತ್ತು ನಿರ್ವಹಣೆ, ಗ್ರಾಮೀಣ ಆರೋಗ್ಯ, ಸಂವಹನ, ಸಂಶೋಧನಾ ವಿಧಾನ ಇವೆಲ್ಲ ಪತ್ರಿಕೆಗಳಾಗಿದ್ದವು. ಜೊತೆಗೆ ಹಳ್ಳಿಯೊಂದರಲ್ಲಿ ಕೆಲಸ ಮಾಡಿ ಬರೆಯಬೇಕಾದ ಪ್ರಬಂಧವೊಂದಿತ್ತು. ಮನೆಯಲ್ಲಿ ಬರೆದೊಪ್ಪಿಸುವ ನಿಯೋಜಿತ ಬರಹಗಳು ಸಲ್ಲಿಕೆಯಾಗಬೇಕು, ಜೂನ್ ಮತ್ತು ಡಿಸೆಂಬರಿನಲ್ಲಿ ಪರೀಕ್ಷೆಗೆ ಕೂಡಬೇಕು.

ನಿಜವಾದ ತೊಡಕು ಸಮಯದ್ದಾಗಿರಲಿಲ್ಲ, ಭಾಷೆಯದಾಗಿತ್ತು. ಪಾಠಗಳೂ ಉತ್ತರಗಳೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡ ಓದಿದವನಿಗೆ ಪ್ರತಿ ಪುಟದಲ್ಲಿಯೂ ಒಂದು ಪದ ಅಡ್ಡ ನಿಲ್ಲುತ್ತಿತ್ತು. ನಾನೊಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು, ಎಡಕ್ಕೆ ಪಾಠದ ಪದ, ನಡುವೆ ನಿಘಂಟಿನ ಕನ್ನಡ, ಬಲಕ್ಕೆ ನಮ್ಮ ಹಳ್ಳಿಗಳಲ್ಲಿ ಜನ ಅದಕ್ಕೆ ಏನೆನ್ನುತ್ತಾರೆ ಎಂದು ಮೂರು ಅಂಕಣಗಳಲ್ಲಿ ಬರೆದಿಡತೊಡಗಿದೆ. ನಡುವಿನ ಅಂಕಣ ಬೇಗ ತುಂಬಿತು. ಬಲದ ಅಂಕಣ ಬಹುಕಾಲ ಖಾಲಿ ಉಳಿಯಿತು. ಆ ಖಾಲಿ ಜಾಗವೇ ನನ್ನ ನಿಜವಾದ ಪಠ್ಯವೆಂದು ಬರಬರುತ್ತ ತಿಳಿಯಿತು.

ಮೊದಲನೆಯ ಪದ ಸಮುದಾಯ. ಸ್ವತಂತ್ರ ಭಾರತದ ಗ್ರಾಮೀಣ ಕಾರ್ಯಕ್ರಮಗಳ ಕಥೆ ಈ ಪದದಿಂದಲೇ ಆರಂಭವಾಗುತ್ತದೆ. ಆಲ್ಬರ್ಟ್ ಮೇಯರ್ ಎಂಬ ಅಮೆರಿಕದ ವಾಸ್ತುಶಿಲ್ಪಿಯ ಮಾರ್ಗದರ್ಶನದಲ್ಲಿ, ಇಂದಿನ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ 1948ರಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಬೆನ್ನಿಗೆ 1952ರ ಅಕ್ಟೋಬರ್ 2ರಂದು, ಗಾಂಧೀಜಿಯವರ ಜನ್ಮದಿನದಂದೇ, ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು 55 ಯೋಜನಾ ಪ್ರದೇಶಗಳಲ್ಲಿ ಪ್ರಾರಂಭವಾಯಿತು. ಒಂದೊಂದು ಪ್ರದೇಶದಲ್ಲಿ ಸುಮಾರು 300 ಹಳ್ಳಿಗಳು, ಸುಮಾರು 2 ಲಕ್ಷ ಜನ. ನಮ್ಮ ಹಿರಿಯರು ಇಂದಿಗೂ ನೆನೆಯುವ 'ಗ್ರಾಮಸೇವಕ'ರು ಊರೂರಿಗೆ ಬಂದದ್ದು ಆಗಲೇ. ಹಳ್ಳಿಯ ಜನ ಒಂದಾಗಿ ತಮ್ಮ ಏಳಿಗೆಯನ್ನು ತಾವೇ ಸಾಧಿಸಿಕೊಳ್ಳಬೇಕು, ಸರ್ಕಾರ ಕೈಜೋಡಿಸಬೇಕು ಎಂಬುದು ಅದರ ತತ್ತ್ವ. ಐದು ವರ್ಷಗಳ ಬಳಿಕ, 1957ರಲ್ಲಿ, ಬಲವಂತರಾಯ್ ಮೆಹ್ತಾ ಸಮಿತಿ ಪರಿಶೀಲಿಸಿದಾಗ ಕಂಡದ್ದೇನು? ಜನರಲ್ಲಿ ಸ್ವಂತ ಉತ್ಸಾಹ ಹುಟ್ಟಿಲ್ಲ, ಕಾರ್ಯಕ್ರಮ ಅಧಿಕಾರಿಗಳ ಕಾರ್ಯಕ್ರಮವಾಗಿಯೇ ಉಳಿದಿದೆ ಎಂಬುದು. ಚುನಾಯಿತ ಪಂಚಾಯಿತಿಗಳ ಕೈಗೆ ಕೆಲಸ ಒಪ್ಪಿಸಬೇಕೆಂಬ ಸಲಹೆ ಹುಟ್ಟಿದ್ದು ಅಲ್ಲಿಂದ.

ಆ ಸಮಿತಿಗೂ ಮೊದಲೇ ಡಾ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನು ಆದರ್ಶ ಸಮುದಾಯವೆಂದು ಕೊಂಡಾಡುವ ಮನೋಭಾವವನ್ನು ಕಟುವಾಗಿ ಪ್ರಶ್ನಿಸಿದ್ದರು. ನನ್ನ ಪುಸ್ತಕದ ಬಲದ ಅಂಕಣ ಅವರ ಮಾತಿಗೆ ಸಾಕ್ಷಿ ನುಡಿಯಿತು. ನಮ್ಮ ಭಾಗದ ಹಳ್ಳಿಗೆ ಹೋಗಿ 'ಸಮುದಾಯ' ಎಂದು ನೋಡಿ. ಕೇಳಿದವರು ತಮ್ಮ ಜಾತಿಯ ಹೆಸರನ್ನು ಹೇಳುತ್ತಾರೆ. 'ಸಮುದಾಯ ಭವನ'ಗಳು ಊರಿಗೊಂದಲ್ಲ, ಜಾತಿಗೊಂದು. 'ನಮ್ಮ ಸಮಾಜದವರು' ಎಂದರೂ ಅದೇ ಅರ್ಥ. ಪಠ್ಯ ಒಂದುಗೂಡಿಸಲೆಂದು ಬಳಸುವ ಪದವು ಊರಿನಲ್ಲಿ ಬೇರ್ಪಡಿಸುವ ಪದವಾಗಿ ನಿಂತಿದೆ! ಹಾಗಿದ್ದರೆ 'ಊರವರು ಒಪ್ಪಿದ್ದಾರೆ' ಎಂದು ಕಡತದಲ್ಲಿ ಬರೆಯುವಾಗ ಆ 'ಊರವರು' ಯಾರು? ಅಗಸಿಯ ಕಟ್ಟೆಯ ಮೇಲೆ ಕುಳಿತವರೋ, ಕಟ್ಟೆಯ ಕೆಳಗೆ ನಿಂತವರೋ, ಅಲ್ಲಿಗೆ ಬಾರದೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರೋ?

ಎರಡನೆಯ ಪದ ಅಭಿವೃದ್ಧಿ. ವೃದ್ಧಿ ಎಂದರೆ ಹೆಚ್ಚಳ. 'ಅಭಿ' ಎಂದರೆ ಕಡೆಗೆ, ಎದುರಾಗಿ. ಎಲ್ಲೋ ಒಂದು ಕಡೆಗೆ ಮುಖ ಮಾಡಿ ಬೆಳೆಯುವುದು ಅಭಿವೃದ್ಧಿ. ಯಾವ ಕಡೆಗೆ ಎಂಬುದನ್ನು ಕಾಣಬೇಕಾದರೆ ನೋಡುವ ಕಣ್ಣು ಎಲ್ಲಿ ನಿಂತಿದೆ ಎಂಬುದು ಮುಖ್ಯ. ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರಗಿನಿಂದ ಹಳ್ಳಿಗೆ ಬರುವವರ ಕಣ್ಣಿಗೆ ಬಡತನ ಏಕೆ ಬೀಳುವುದಿಲ್ಲ ಎಂಬುದಕ್ಕೆ ಆರು ಬಗೆಯ ಓರೆನೋಟಗಳನ್ನು ಎಣಿಸಿದ್ದಾರೆ. ಬಂದವರು ಡಾಂಬರು ರಸ್ತೆಯ ಬದಿಯನ್ನೇ ನೋಡುತ್ತಾರೆ. ಯೋಜನೆ ನಡೆದಿರುವ ಊರನ್ನೇ ನೋಡುತ್ತಾರೆ. ಪ್ರಮುಖರನ್ನೂ ಗಂಡಸರನ್ನೂ ಮಾತನಾಡಿಸುತ್ತಾರೆ. ಮಳೆಯಿಲ್ಲದ ಕಾಲದಲ್ಲಿ ಬರುತ್ತಾರೆ. ಮುಜುಗರವಾಗುವ ಪ್ರಶ್ನೆಯನ್ನು ಸೌಜನ್ಯಕ್ಕಾಗಿ ಕೇಳದೆ ಬಿಡುತ್ತಾರೆ. ತಮ್ಮ ತಮ್ಮ ಶಾಸ್ತ್ರಕ್ಕೆ ಸಂಬಂಧಿಸಿದ್ದನ್ನು ಮಾತ್ರ ಕಾಣುತ್ತಾರೆ.

ಈ ಪಟ್ಟಿಯನ್ನು ಓದಿದಾಗ, ಎಂದೂ ನಮ್ಮ ಊರುಗಳನ್ನು ಕಾಣದವರು ನಮ್ಮ ಎರೆಹೊಲದ ನಾಡನ್ನು ಹೇಗೆ ಬಣ್ಣಿಸಿದರೆಂದು ಬೆರಗಾದೆ. ಮಳೆ ಹಿಡಿದರೆ ನಮ್ಮ ಎರೆಮಣ್ಣಿನ ದಾರಿಗಳಲ್ಲಿ ಚಪ್ಪಲಿಯೂ ಮೇಲೇಳುವುದಿಲ್ಲ, ಜೀಪಿನ ಗಾಲಿಯಂತೂ ಉರುಳುವುದಿಲ್ಲ. ಬಾಣಂತಿಯನ್ನು ಎತ್ತಿಕೊಂಡು ಟಾರು ರಸ್ತೆಗೆ ತರಬೇಕಾದ ದಿನಗಳು ಅವೇ. ಪರಿಶೀಲನೆಯ ವಾಹನಗಳು ಬರುವುದೋ ಸುಗ್ಗಿ ಮುಗಿದು, ನೆಲ ಒಣಗಿ, ದಾರಿ ಗಟ್ಟಿಯಾದ ಮೇಲೆ. ಆಗ 'ರಸ್ತೆ ಸಂಪರ್ಕವಿದೆ' ಎಂದು ಬರೆದರೆ ಅದು ಸುಳ್ಳೇನೂ ಅಲ್ಲ. ವರ್ಷದ ಅರ್ಧಭಾಗದ ಸತ್ಯ ಅದು.

ಮೂರನೆಯ ಪದ ಸಹಭಾಗಿತ್ವ. ಭಾಗವೆಂದರೆ ಪಾಲು, ಪಾಲಿಲ್ಲದವನು ಭಾಗಿಯಲ್ಲ. ಶೆರ್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಲೇಖಕಿ 1969ರಲ್ಲಿ ಇದನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ತೋರಿಸಿಕೊಟ್ಟರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಕೂಡಿಸಿ ತಮ್ಮ ಇಚ್ಛೆಯನ್ನು ಅವರ ಬಾಯಿಂದ ಹೇಳಿಸುವುದು, ಅವರನ್ನೇ ತಿದ್ದಲು ಹೊರಡುವುದು ನಡೆಯುತ್ತದೆ. ಅಲ್ಲಿ ಸಹಭಾಗಿತ್ವವೇ ಇಲ್ಲ. ನಡುವಿನ ಮೂರರಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಒಂದಿಬ್ಬರಿಗೆ ಸ್ಥಾನ ಕೊಟ್ಟು ಸಮಾಧಾನಪಡಿಸುವುದು, ಇವು ನಾಮಮಾತ್ರದವು. ಮೇಲಿನ ಮೂರರಲ್ಲಿ ಮಾತ್ರ ನಿರ್ಧಾರದ ಅಧಿಕಾರ ಪಾಲಾಗುತ್ತದೆ, ಕೊನೆಗೆ ಜನರ ಕೈ ಸೇರುತ್ತದೆ. ಈ ಏಣಿಯನ್ನು ಓದಿದ ಮೇಲೆ ಗ್ರಾಮಸಭೆಯ ಠರಾವು ಪುಸ್ತಕವನ್ನು ಮೊದಲಿನಂತೆ ಓದುವುದು ಸಾಧ್ಯವಾಗಲಿಲ್ಲ. 'ಸರ್ವಾನುಮತದಿಂದ' ಎಂಬ ಪದ ಕಂಡಾಗಲೆಲ್ಲ, ಇದು ಎಷ್ಟನೆಯ ಮೆಟ್ಟಿಲು ಎಂದು ಮನಸ್ಸು ಕೇಳುತ್ತದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆ ಪಡುವ ಚರಿತ್ರೆಯೂ ಇದೆ. 'ನೀರ್ ಸಾಬ್' ಎಂದು ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ರೂಪುಗೊಂಡ 1983ರ ಶಾಸನದಂತೆ, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆಗಳು ನಡೆದವು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟದ್ದು ಆಗಲೇ. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು ಅನಂತರ, 1993ರಲ್ಲಿ. ಸ್ಥಾನ ದೊರೆಯಿತು ನಿಜ. ಸ್ಥಾನದಲ್ಲಿ ಕುಳಿತವರ ಮಾತು ಠರಾವಿನೊಳಗೆ ಇಳಿಯುವುದು ಅದರ ಮುಂದಿನ ಹೆಜ್ಜೆ.

ಪದಗಳ ಅರ್ಥ ಇಷ್ಟಾಯಿತು. ಭಾವಾರ್ಥ ತಿಳಿದದ್ದು ಪ್ರಬಂಧದ ಕೆಲಸಕ್ಕೆ ಊರಿಗೆ ಹೋದಾಗ. ನೀರಿನ ಅರ್ಜಿಗಳು ಬರುತ್ತಿದ್ದ ಊರುಗಳಲ್ಲಿಯೇ ಒಂದನ್ನು ಆರಿಸಿಕೊಂಡೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆಮನೆಗೆ ಗಂಗೆ' ಎಂಬ ಹೆಸರಿನಿಂದ, ಆ ಊರನ್ನೂ ತಲುಪಿತ್ತು. ಪ್ರತಿ ಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಅದರ ಗುರಿ. ನಾನು ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿದೆ. 'ನಳವಿದೆಯೇ?' ಎಂಬ ಪ್ರಶ್ನೆಗೆ ಊರ ಹೊರಗಿನ ಕೇರಿಯಲ್ಲಿಯೂ 'ಹೌದು' ಎಂಬ ಉತ್ತರವೇ ಬಂತು. ನಳಗಳು ಕಣ್ಣಿಗೂ ಕಾಣುತ್ತಿದ್ದವು. ಅರ್ಜಿಗಳೂ ಆ ಕೇರಿಯಿಂದಲೇ ಬರುತ್ತಿದ್ದವು.

ಸಂಶೋಧನಾ ವಿಧಾನದ ಪಾಠಗಳಲ್ಲಿ ಜನರೇ ಊರಿನ ನಕ್ಷೆ ಬರೆಯುವ ಕ್ರಮವೊಂದನ್ನು ಕಲಿತಿದ್ದೆ. 1980ರ ದಶಕದ ಕೊನೆಯಲ್ಲಿ ಭಾರತದಲ್ಲಿ ಈ ಕ್ರಮ ಬೆಳೆಯಲು, 1968ರಲ್ಲಿ ಸ್ಥಾಪನೆಯಾದ ನಮ್ಮ ರಾಜ್ಯದ ಮೈರಾಡ ಸಂಸ್ಥೆಯ ಕೆಲಸವೂ ಕಾರಣ. ಅದರಂತೆ ಮೊದಲು ಗುಡಿಯ ಮುಂದೆ ಗಂಡಸರು ನೆಲದ ಮೇಲೆ ನಕ್ಷೆ ಬರೆದರು. ಗುಡಿ, ಪಂಚಾಯಿತಿ, ಸಾಲಿ, ಸೊಸೈಟಿ, ಬಸ್ಸು ನಿಲ್ಲುವ ಜಾಗ, ನೀರಿನ ಟಾಕಿ ಎಲ್ಲವೂ ಅಚ್ಚುಕಟ್ಟಾಗಿ ಬಂದವು. ಕೇರಿಯನ್ನು ಅಂಚಿನಲ್ಲಿ ಒಂದೇ ಚೌಕವಾಗಿ ಗುರುತಿಸಿದರು. ಮರುದಿನ ಆಶಾ ಕಾರ್ಯಕರ್ತೆಯೊಬ್ಬರ ನೆರವಿನಿಂದ ಕೇರಿಯ ಹೆಣ್ಣುಮಕ್ಕಳು ತಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಇನ್ನೊಂದು ನಕ್ಷೆ ಬರೆದರು. ಅದರಲ್ಲಿ ಮನೆಗಳೆಲ್ಲ ಬಿಡಿಬಿಡಿಯಾಗಿ ಇದ್ದವು. ಟಾಕಿಯಿಂದ ಬರುವ ಪೈಪು ಯಾವ ಓಣಿಗಳನ್ನು ದಾಟಿ, ದಿನ್ನಿಯ ಮೇಲಿರುವ ತಮ್ಮ ಮನೆಗಳಿಗೆ ಕಟ್ಟಕಡೆಗೆ ಹೇಗೆ ಏರುತ್ತದೆಂದು ಗೆರೆ ಎಳೆದರು. ನೀರು ಬರುವ ದಿನಕ್ಕೊಂದು ಜೋಳದ ಕಾಳು, ಬಾರದ ದಿನಕ್ಕೊಂದು ಹರಳು ಇಡಲು ಕೇಳಿಕೊಂಡೆ. ಹರಳುಗಳೇ ಹೆಚ್ಚಾದವು. ಅವರಲ್ಲಿ ಹಿರಿಯ ತಾಯಿಯೊಬ್ಬರು ಒಂದು ಕಾಳನ್ನು ಎತ್ತಿ ಪಕ್ಕಕ್ಕಿಟ್ಟು ಹೇಳಿದರು:

"ನಳ ಐತ್ರಿ ಸರ, ಇಲ್ಲ ಅನ್ನಂಗಿಲ್ಲ. ಆದರ ನೀರು ಬಿಡೂ ಹೊತ್ತಿಗೆ ನಾವು ಹೊಲದಾಗ ಇರ್ತೀವಿ. ಕೂಲಿ ಬಿಟ್ಟು ನಳದ ಮುಂದ ಕುಂದರೂದ ಹ್ಯಾಂಗ? ಇದನ್ನ ಬಂದ ದಿನ ಅಂತ ಹಿಡೀಬ್ಯಾಡ್ರಿ."

ಓದುಗರು ಒಂದು ಕ್ಷಣ ಯೋಚಿಸಬೇಕು. ಪೈಪು, ನಳ, ನೀರು ಮೂರೂ ಇದ್ದು, ಆ ತಾಯಿಯ ಕೊಡ ಖಾಲಿ. ಜೋಳದ ರಾಶಿಯ ಕಾಲದಲ್ಲಿ ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗುವವರ ಓಣಿಗೆ ನೀರಿನ ಸರದಿ ಬರುವುದು ಹೊತ್ತೇರಿದ ಮೇಲೆ. ಈ ಸಂಗತಿ ಯಾವ ಪ್ರಶ್ನಾವಳಿಯಲ್ಲಿಯೂ ಇರಲಿಲ್ಲ, ನಾನು ಬರೆದುಕೊಟ್ಟ ಅರ್ಜಿಗಳಲ್ಲಿಯೂ ಬಂದಿರಲಿಲ್ಲ. 'ನೀರಿನ ತೊಂದರೆ ಇದೆ' ಎಂದು ಹೇಳಿಸಲು ಬರುತ್ತಿದ್ದವರು ಗಂಡಸರು. ನೀರಿಗಾಗಿ ಕಾಯುತ್ತಿದ್ದವರು ಹೆಣ್ಣುಮಕ್ಕಳು. ಹಸ್ತಪ್ರತಿಗಳಲ್ಲಿ ಪಾಠಾಂತರ ಹುಡುಕುವವನಿಗೆ ಇದು ಹೊಸದೆನಿಸಲಿಲ್ಲ. ಒಂದೇ ಪ್ರತಿಯನ್ನು ನಂಬಿ ಅಚ್ಚು ಹಾಕಿದರೆ ಪಾಠ ಕೆಡುತ್ತದೆ. ಊರಿಗೂ ಎರಡು ಪ್ರತಿಗಳಿವೆ, ಮೂರೂ ಇರಬಹುದು. ಅವುಗಳನ್ನು ಮಗ್ಗುಲಲ್ಲಿಟ್ಟು ಓದಿದಾಗಲೇ ಮೂಲದ ಸಮೀಪಕ್ಕೆ ಹೋಗುತ್ತೇವೆ.

ಮುಂದಿನ ಗ್ರಾಮಸಭೆಗೆ ಆ ಹೆಣ್ಣುಮಕ್ಕಳು ತಮ್ಮ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಇಳಿಸಿಕೊಂಡು ಬಂದರು. ನಾನು ಹಿಂದೆ ಕುಳಿತೆ. ಮಠದವರು ಮುಂದೆ ನಿಂತರೆ ಸಭೆ ಮಠದ ಮುಖ ನೋಡುತ್ತದೆ, ಕೇರಿಯ ಮಾತು ಕೇಳುವುದಿಲ್ಲ. ಮೊದಲು ಗದ್ದಲವಾಯಿತು. "ನಳ ಕೊಟ್ಟರೂ ತಕರಾರ" ಎಂದು ಒಬ್ಬರು ಎದ್ದು ನಿಂತರು. ಆ ಹಿರಿಯ ತಾಯಿ ಹಾಳೆಯ ಮೇಲೆ ಬೆರಳಿಟ್ಟು ಟಾಕಿಯಿಂದ ತಮ್ಮ ಮನೆಯವರೆಗೆ ಗೆರೆಯನ್ನು ಎಳೆದು ತೋರಿಸುತ್ತ ಹೋದಾಗ ಸಭೆ ನಿಧಾನವಾಗಿ ಸುಮ್ಮನಾಯಿತು. ವಾಟರ್‌ಮನ್ ತಾನೇ ಎದ್ದು, ವಾಲ್ವ್ ತಿರುಗಿಸುವ ಸರದಿಯನ್ನು ಬದಲಿಸಿದರೆ ಕೇರಿಗೆ ಸಂಜೆ ನೀರು ಹರಿಸಬಹುದು ಎಂದು ಹೇಳಿದ. ಅದಕ್ಕೆ ಹಣವೂ ಬೇಕಾಗಿರಲಿಲ್ಲ. ಠರಾವು ಆಯಿತು.

ಕಥೆ ಇಲ್ಲಿಗೆ ಸುಖಾಂತವಾಯಿತೆಂದು ಹೇಳಲಾರೆ. ಬೇಸಿಗೆ ಏರಿದಂತೆ ಟಾಕಿಯಲ್ಲಿ ನೀರು ಕಡಿಮೆಯಾಗಿ, ದಿನ್ನಿಗೆ ಒತ್ತಡ ಸಾಲದೆ, ಸರದಿ ಮತ್ತೆ ತಪ್ಪಿತು. ಈಗಿನ ವ್ಯತ್ಯಾಸವಿಷ್ಟೇ: ಕೇರಿಯ ಸ್ತ್ರೀಶಕ್ತಿ ಸಂಘದವರು ನೀರು ಬಂದ ದಿನ, ಬಂದ ಹೊತ್ತು, ತುಂಬಿದ ಕೊಡಗಳ ಎಣಿಕೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಸಾಲಿಗೆ ಹೋಗುವ ಹುಡುಗಿಯೊಬ್ಬಳು ಬರೆಯುತ್ತಾಳೆ, ಉಳಿದವರು ಹೇಳುತ್ತಾರೆ. ಅರ್ಜಿ ಬರೆಸಲು ಅವರಲ್ಲಿ ಯಾರೂ ಆ ಮೇಲೆ ನನ್ನ ಬಳಿಗೆ ಬಂದಿಲ್ಲ. ನನ್ನ ಪ್ರಬಂಧಕ್ಕೆ ದೊರೆತ ಅಂಕಗಳಿಗಿಂತ ಈ ಸಂಗತಿ ನನಗೆ ಹೆಚ್ಚು ಸಮಾಧಾನ ಕೊಟ್ಟಿದೆ.

ಇಂತಹ ಪದವಿಯನ್ನು ಪಡೆಯಬೇಕೆಂದಿರುವ ತರುಣ ತರುಣಿಯರು ಆಗಾಗ ಕೇಳುತ್ತಾರೆ: ಇದರಿಂದ ನೌಕರಿ ಸಿಕ್ಕೀತೇ? ಸ್ವಯಂಸೇವಾ ಸಂಸ್ಥೆಗಳಲ್ಲಿ, ಯೋಜನೆಗಳಲ್ಲಿ ಕೆಲಸಗಳಿವೆ. ಅನೇಕವು ಯೋಜನೆಯ ಅವಧಿಯೊಂದಿಗೆ ಮುಗಿಯುವ ಗುತ್ತಿಗೆಯ ಕೆಲಸಗಳು. ಇದನ್ನು ತಿಳಿದೇ ಸೇರಬೇಕು. ಸೇರುವ ಮುಂಚೆ ಎರಡು ವಿಷಯಗಳನ್ನು ವಿಚಾರಿಸಿರಿ. ಆ ಪಠ್ಯಕ್ರಮದಲ್ಲಿ ಹಳ್ಳಿಯಲ್ಲಿ ನಿಂತು ಮಾಡುವ ಕ್ಷೇತ್ರಕಾರ್ಯ ಎಷ್ಟಿದೆ? ಅದನ್ನು ನೋಡಿ ತಿದ್ದುವ ಮಾರ್ಗದರ್ಶಕರು ಇದ್ದಾರೆಯೇ? ಕ್ಷೇತ್ರಕಾರ್ಯವಿಲ್ಲದೆ ಈ ವಿದ್ಯೆಯನ್ನು ಓದುವುದು ದಂಡೆಯ ಮೇಲೆ ಕುಳಿತು ಈಜು ಕಲಿತಂತೆ. ಸೇರಿದ ಮೇಲೆ, ಯಾವ ಭಾಷೆಯಲ್ಲಿ ಓದಿದರೂ ಸರಿ, ನಿಮ್ಮದೇ ಒಂದು ಮೂರು ಅಂಕಣಗಳ ಪುಸ್ತಕವನ್ನು ಇಟ್ಟುಕೊಳ್ಳಿರಿ. ಬಲದ ಅಂಕಣ ಖಾಲಿ ಇರುವವರೆಗೆ ಆ ಪದ ನಮಗೆ ತಿಳಿದಿಲ್ಲವೆಂದೇ ಲೆಕ್ಕ.

ಜನರ ಪರವಾಗಿ ಮಾತನಾಡುವುದನ್ನು ಯಾವ ಪದವಿಯಿಲ್ಲದೆಯೂ ಕಲಿಯಬಹುದು. ಯಾರ ಮಾತು ಇನ್ನೂ ಕೇಳಿಸಿಲ್ಲವೆಂದು ಹುಡುಕಿಕೊಂಡು ಹೋಗಿ, ಅವರು ಆಡುವ ಹೊತ್ತಿಗೆ ತಾನು ಹಿಂದಿನ ಸಾಲಿನಲ್ಲಿ ಕುಳಿತಿರುವುದನ್ನು ಕಲಿಯಲು ವ್ಯಾಸಂಗ ಬೇಕಾಗುತ್ತದೆ. ಅದು ಎರಡು ವರ್ಷಗಳ ಪಠ್ಯದಲ್ಲಿ ಆರಂಭವಾಗುತ್ತದೆ. ಮುಗಿಯುವ ಅವಧಿಯನ್ನು ಯಾವ ವಿಶ್ವವಿದ್ಯಾಲಯವೂ ನಿಗದಿಪಡಿಸಿಲ್ಲ.